ಕೋಳಿಗೂಡು: ಒಂದೇ ಕಡೆ ನಿಲ್ಲುವುದಾ, ಚಕ್ರದ ಮೇಲೆ ಓಡಾಡುವುದಾ?

ಮೂರ್ನಾಲ್ಕು ಹೇಂಟೆ ಸಾಕಲು ಹೊರಟವರಿಗೆ ಮೊದಲ ಗೊಂದಲವೇ ಇದು.

ಚಕ್ರದ ಗೂಡಿನಲ್ಲಿ ಕೋಳಿಗಳಿಗೆ ದಿನಾ ಹೊಸ ಹುಲ್ಲು, ಹೊಸ ಹುಳ. ಹಿಕ್ಕೆ ಒಂದೇ ಕಡೆ ಗುಡ್ಡೆ ಬೀಳುವುದಿಲ್ಲ. ಆದರೆ ಎಳೆಯಲು ಹಗುರ ಇರಬೇಕಲ್ವಾ, ಹಾಗಾಗಿ ಗಟ್ಟಿತನ ಕಡಿಮೆ. ನೆಲ ಏರುಪೇರಿದ್ದರೆ ಅಡಿಯಲ್ಲಿ ಸಂದು ಉಳಿಯುತ್ತದೆ. ನಾಯಿ ಕೆರೆಯುವುದು ಅಲ್ಲೇ.

ನಿಂತ ಗೂಡಿಗೆ ಗುಡಿಸುವ ಕೆಲಸ ಜಾಸ್ತಿ. ಆದರೆ ಬುಡದಿಂದ ಹೊರಕ್ಕೆ 30 ಸೆಂ.ಮೀ. ಜಾಲರಿ ಹಾಸಿ ಮಣ್ಣು ಮುಚ್ಚಬಹುದು. ತೋಡಲು ಬಂದ ಪ್ರಾಣಿ ಗೋಡೆಗೆ ಅಂಟಿಕೊಂಡೇ ಕೆರೆಯುತ್ತದೆ, ಉಗುರಿಗೆ ತಂತಿ ಸಿಗುತ್ತದೆ. ಹಿಂದೆ ಸರಿದು ತೋಡುವ ಉಪಾಯ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ!

ಗೂಡು ಯಾವುದೇ ಆಗಲಿ, ಆರು ಮೂಲೆ ಕಣ್ಣಿನ ತೆಳು ಕೋಳಿಬಲೆ ನಂಬಬೇಡಿ. ಅದು ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ನಾಯಿಯ ಹಲ್ಲಿಗೆ ಹರಿದುಹೋಗುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡೆಡ್ ಜಾಲರಿ ಹಾಕಿ. ಗಾಳಿಕಿಂಡಿಗೂ ಅದೇ.

ರಾತ್ರಿ ನಾಯಿ, ಬೆಕ್ಕು, ಮುಂಗುಸಿ ಸುಳಿಯುವ ಜಾಗವಾದರೆ ನನ್ನ ಓಟು ನಿಂತ ಗೂಡಿಗೆ. ಹುಲ್ಲುನೆಲ ಸಮತಟ್ಟಾಗಿದ್ದು ಸುತ್ತ ಗಟ್ಟಿ ಬೇಲಿ ಇದ್ದರೆ ಚಕ್ರದ್ದೇ ಸಾಕು. ಹೊಸ ಹೇಂಟೆಗಳನ್ನು ಮೊದಲ ಕೆಲವು ದಿನ ಹೊರಗೆ ಬಿಡದೆ ಒಳಗೇ ಇಡಿ, ಸಂಜೆಗೆ ತಾವಾಗಿ ಗೂಡು ಸೇರುವುದು ರೂಢಿಯಾಗುತ್ತದೆ.