ಮೈಕ್ ಕೆಳಗಿಟ್ಟರೆ ಮಚ್ಚೋ, ಸೇರೋ?

ಪಾಡ್‌ಕಾಸ್ಟ್ ಮುಚ್ಚಿ ಎಳನೀರು ಗಾಡಿ ಇಡೋದೋ, ಪರಿಷೆಯಲ್ಲಿ ಕಡ್ಲೇಕಾಯಿ ಮಾರೋದೋ ಅಂತ ಶೋ ನಡೆಸೋ ನೀವಿಬ್ಬರೂ ನಗಾಡಿ, ಕೇಳುಗರಿಗೇ ‘ಆರಿಸಿ’ ಅಂದಿರಿ. ಸರಿ, ಹೇಳ್ತೀನಿ.

ಬಂಡವಾಳದಲ್ಲಿ ಕಡ್ಲೇಕಾಯಿ ಹಗುರ: ನಾಲ್ಕು ಮೂಟೆ, ಒಂದು ಟಾರ್ಪಾಲು, ಒಂದು ಸೇರು. ಎಳನೀರಿಗೆ ಗಾಡಿ, ಮಚ್ಚು, ಮದ್ದೂರಿನ ಕಡೆಯ ಲೋಡು, ಜೊತೆಗೆ ಬೀದಿ ವ್ಯಾಪಾರಿಗಳ 2014ರ ಕಾಯ್ದೆಯಡಿ ಪ್ರಮಾಣಪತ್ರ. ಬುರುಡೆ ಸಾಗಿಸೋ ತಲೆನೋವೂ ನಿಮ್ಮದೇ.

ಆದರೆ ಬಸವನಗುಡಿ ಪರಿಷೆ ವರ್ಷಕ್ಕೊಮ್ಮೆ, ಕಾರ್ತಿಕದ ಕೊನೆಯ ಸೋಮವಾರದ ಆಸುಪಾಸು. ಉಳಿದ ತಿಂಗಳು ಹೊಟ್ಟೆಪಾಡು? ಎಳನೀರು ವರ್ಷಪೂರ್ತಿ ಓಡುತ್ತೆ. ಬೇಸಿಗೆಯಲ್ಲಿ ಕೈತುಂಬ ಕೆಲಸ, ಜುಲೈ ಮಳೆಯಲ್ಲಿ ನೊಣ ಹೊಡೆಯೋದು.

ಕೆತ್ತೋದು ನೋಡೋಕೆ ಸಲೀಸು. ಗಿರಾಕಿ ‘ಗಂಜಿ ಇರೋದು ಕೊಡಿ’ ಅಂದಾಗ ಕಾಯಿ ತಟ್ಟಿಯೇ ಗುರುತಿಸಬೇಕು. ಬೆರಳು ಹೋದರೆ ಎಡಿಟಿಂಗೂ ಕಷ್ಟ. ಕಡ್ಲೇಕಾಯಿಗೆ ಬಾಯಿ ಸಾಕು: ಕೂಗೋದು, ಚೌಕಾಶಿಗೆ ಜಗ್ಗದಿರೋದು, ಹಿಡಿ ಕೊಸರು ಹಾಕೋದು. ಅದು ನಿಮಗೆ ಹೊಸದಲ್ಲ.

ಶೋ ಬಿಡದೆ ಒಂದೆರಡು ದಿನದ ತಮಾಷೆ ಬೇಕಿದ್ದರೆ ಪರಿಷೆ. ಎಪಿಸೋಡಿಗೂ ಸರಕು ಸಿಗುತ್ತೆ. ನಿಜಕ್ಕೂ ಬಿಡೋದಾದರೆ, ನಸುಕಿಗೆ ಏಳೋದಾದರೆ, ಎಳನೀರು. ನಿಮ್ಮ ಎಪಿಸೋಡು ಮಧ್ಯಾಹ್ನಕ್ಕಿಂತ ಮುಂಚೆ ಬಂದದ್ದನ್ನು ನಾನಂತೂ ಕಂಡಿಲ್ಲ.