ಫ್ರೆಂಚ್ ಪಾಸೇ ಸ್ಯಾಂಪ್ಲ್: 2,400 ರೂಪಾಯಿ ಆ್ಯಪ್, ಹಳೇ ಬೆಶರೆಲ್, 40 ರೂಪಾಯಿ ನೋಟ್‌ಬುಕ್

ಫ್ರೆಂಚ್ ಕಾದಂಬರಿಗಳಲ್ಲಿ ಬರುವ ‘ಪಾಸೇ ಸ್ಯಾಂಪ್ಲ್’ ಅನ್ನೋ ಭೂತಕಾಲ ಕಲಿಯೋಕೆ ಮೂರು ದಾರಿ ಹಿಡಿದೆ: ಒಂದು ಆ್ಯಪ್, ಬೆಶರೆಲ್ ಅನ್ನೋ ಕ್ರಿಯಾಪದಗಳ ಪುಸ್ತಕ, ಒಂದು ನೋಟ್‌ಬುಕ್. ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದು ನೋಟ್‌ಬುಕ್. 2,400 ರೂಪಾಯಿ ಕೊಟ್ಟು ವರ್ಷದ ಚಂದಾ ಕಟ್ಟಿದ ಆ್ಯಪ್ ಅಲ್ಲ. ಆ ಹೊಟ್ಟೆಉರಿಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಎರಡು ವರ್ಷ ಶನಿವಾರದ ಕ್ಲಾಸಿಗೆ ಹೋಗಿ ಫ್ರೆಂಚ್ ಬಿ1, ಅಂದರೆ ಮಧ್ಯಮ ಹಂತ, ಮುಗಿಸಿದೆ. ಆ ಧೈರ್ಯದಲ್ಲಿ ಫ್ರೆಂಚ್ ಲೇಖಕ ಕಮೂ ಬರೆದ ‘ಲೆತ್ರಾಂಜೇ’ ಕೈಗೆತ್ತಿಕೊಂಡೆ. 1942ರ ಕಾದಂಬರಿ, ಆದರೂ ಸಲೀಸಾಗಿ ಓದಿಸಿಕೊಂಡು ಹೋಯಿತು. ನಾನು ದೊಡ್ಡ ಪಂಡಿತೆ ಅಂದುಕೊಂಡು ಒಂದು ಹಳೇ ಪತ್ತೇದಾರಿ ಕಾದಂಬರಿ ತೆರೆದೆ. ಮೊದಲ ಪುಟದಲ್ಲೇ ಮುಗ್ಗರಿಸಿದೆ. ಫ್ಯು, ಪ್ರಿ, ಸ್ಯು, ವ್ಯಾಂ! ಯಾವುದೂ ಹೊಸ ಕ್ರಿಯಾಪದ ಅಲ್ಲ. ಇರು, ತಗೋ, ತಿಳಿ, ಬರು, ಅಷ್ಟೇ. ಆದರೆ ಎಲ್ಲವೂ ವೇಷ ಹಾಕಿಕೊಂಡು ನಿಂತಿದ್ದವು.

ಕಾರಣ ಆಮೇಲೆ ಗೊತ್ತಾಯಿತು. ಕಮೂ ಆ ಕಥೆಯನ್ನು ಹೆಚ್ಚುಕಡಿಮೆ ಪೂರ್ತಿ ಪಾಸೇ ಕೊಂಪೋಜೇಯಲ್ಲಿ ಹೇಳಿದ್ದಾನೆ. ಅದು ಜನ ದಿನಾ ಮಾತಾಡುವ ಭೂತಕಾಲ. ಪಾಸೇ ಸ್ಯಾಂಪ್ಲ್ ಅನ್ನೋದು ಕಥೆ, ಕಾದಂಬರಿ, ಇತಿಹಾಸದ ಪುಟಗಳಲ್ಲಿ ಉಳಿದುಕೊಂಡ ಭೂತಕಾಲ. ನಮ್ಮ ಮೇಡಂ “ಇದನ್ನ ಯಾರೂ ಮಾತಾಡಲ್ಲ, ಬಿಡಿ” ಎಂದು ಒಂದೇ ಗಂಟೆಯಲ್ಲಿ ಮುಗಿಸಿದ್ದರು. ನಾವೂ ‘ಪೋದಂ’ ‘ಬಂದಂ’ ಅಂತ ಮಾತಾಡಲ್ಲ, ಪಂಪನನ್ನು ಓದುವಾಗ ಮಾತ್ರ ಬೇಕು. ಆದರೆ ಫ್ರೆಂಚರ ‘ಪೋದಂ’ ಮಕ್ಕಳ ಕಥೆಯಲ್ಲೂ ಬರುತ್ತೆ. ಅಲ್ಲೇ ತೊಂದರೆ.

ನಾನು ಆ್ಯಪ್‌ಗೆ ದುಡ್ಡು ಕಟ್ಟಿದ್ದು ಒಬ್ಬ ಮುದುಕನಿಂದಾಗಿ. ಆ ಕಾದಂಬರಿಯಲ್ಲಿ ಪೊಲೀಸರ ಎದುರು ಕೂತು ಸಾಕ್ಷಿ ಹೇಳುತ್ತಾ ಇರುತ್ತಾನೆ. ಇದ್ದಕ್ಕಿದ್ದಂತೆ ‘ಇಲ್ ಸ ತ್ಯು’. ತ್ಯುಎ ಅಂದರೆ ಕೊಲ್ಲು, ಅದು ನನಗೆ ಗೊತ್ತು. ಅಯ್ಯೋ, ಸ್ಟೇಷನ್ನಿನಲ್ಲೇ ಪ್ರಾಣ ತಕ್ಕೊಂಡನಲ್ಲ ಅಂತ ನಿಜಕ್ಕೂ ಬೇಜಾರಾಯಿತು. ಎರಡು ಪುಟ ಆದ ಮೇಲೆ ಅದೇ ಮುದುಕ ಸಿಗರೇಟು ಹಚ್ಚಿಕೊಂಡು ಮಾತು ಮುಂದುವರಿಸಿದ. ಮತ್ತೆ ಹಿಂದೆ ಹೋಗಿ ಓದಿದೆ. ಅದು ಕೊಲ್ಲುವ ತ್ಯುಎ ಅಲ್ಲ, ಸುಮ್ಮನಾಗುವ ‘ಸ ತೇರ್’. ಮುದುಕ ಸುಮ್ಮನಾಗಿದ್ದ, ಅಷ್ಟೇ. ಪ್ರಾಣ ತಕ್ಕೊಂಡಿದ್ದರೆ ‘ಇಲ್ ಸ ತ್ಯುಆ’ ಅಂತ ಇರಬೇಕಿತ್ತು.

ಅವತ್ತು ರಾತ್ರಿಯೇ ಚಂದಾ ಕಟ್ಟಿದೆ. ಆ್ಯಪ್ ಹೆಸರು ಬೇಡ.

ನೋಡೋಕೆ ಚೆನ್ನಾಗಿದೆ. ಒಂದು ಕ್ರಿಯಾಪದ ಕೊಡುತ್ತೆ, ಒಂದು ಸರ್ವನಾಮ ಕೊಡುತ್ತೆ, ರೂಪ ನಾವು ಟೈಪ್ ಮಾಡಬೇಕು. ಸಮಸ್ಯೆ ಏನೆಂದರೆ ಅದಕ್ಕೆ ಆರೂ ಸರ್ವನಾಮ ಒಂದೇ. ‘ನೂ ನಾಕೀಮ್’, ನಾವು ಹುಟ್ಟಿದೆವು. ‘ವೂ ಕೂಜೀತ್’, ನೀವು ಹೊಲಿದಿರಿ. ಯಾವ ಕಾದಂಬರಿಯಲ್ಲಿ ಯಾರು ಯಾರಿಗೆ ಹೀಗೆ ಹೇಳುತ್ತಾರೆ? ‘ನೀವು’ ರೂಪ ಇವತ್ತಿಗೂ ನನಗೆ ಪುಸ್ತಕದಲ್ಲಿ ಎದುರಾಗಿಲ್ಲ.

ಅದಕ್ಕಿಂತ ದೊಡ್ಡ ಕಾಟ ಟೋಪಿಯದು. ನಾವು, ನೀವು ರೂಪಗಳಲ್ಲಿ ಸ್ವರದ ತಲೆ ಮೇಲೆ ಒಂದು ಪುಟ್ಟ ಟೋಪಿ ಇರುತ್ತೆ, ಸಿರ್ಕೊಂಫ್ಲೆಕ್ಸ್ ಅಂತಾರೆ. ಫೋನಿನಲ್ಲಿ ಅದನ್ನು ಹಾಕಬೇಕೆಂದರೆ ಅಕ್ಷರವನ್ನು ಒತ್ತಿ ಹಿಡಿದು, ಮೇಲೆ ಸಾಲಾಗಿ ಏಳುವ ಆರೇಳು ಅಕ್ಷರಗಳಲ್ಲಿ ಸರಿಯಾದ್ದಕ್ಕೆ ಬೆರಳು ಜಾರಿಸಬೇಕು. ನಾನು ಓದೋದು ಮೆಟ್ರೋದಲ್ಲಿ. ಒಂದು ಕೈ ಕಂಬದ ಮೇಲೆ, ಒಂದು ಕೈಯಲ್ಲಿ ಫೋನು, ಬೆನ್ನಿಗೆ ಯಾರದೋ ಬ್ಯಾಗು. ಮೆಜೆಸ್ಟಿಕ್‌ನಲ್ಲಿ ಜನ ಹತ್ತುವಾಗ ಟೋಪಿ ಹೋಗಿ ಪಕ್ಕದ ಎರಡು ಚುಕ್ಕೆಯ ಅಕ್ಷರ ಬಂದು ಕೂರುತ್ತೆ. ಕೆಂಪು ಬಣ್ಣ, ಟಣ್ ಅಂತ ಸದ್ದು. ಐದು ತಪ್ಪಾದರೆ ಪಾಠ ಬಂದ್, ನಾಲ್ಕು ಗಂಟೆ ಕಾಯಿರಿ. ದುಡ್ಡು ಕೊಟ್ಟವರೂ ಕಾಯಬೇಕು!

ಟೋಪಿ ಸುಮ್ನೆ ಅಲಂಕಾರಕ್ಕಲ್ಲ ಅಂತ ಒಪ್ಪುತ್ತೇನೆ. ‘ನೂ ಫ್ಯೂಮ್’ ಅಂದರೆ ನಾವು ಇದ್ದೆವು. ಅದೇ ಅಕ್ಷರಗಳಿಂದ ಟೋಪಿ ತೆಗೆದರೆ ‘ನೀನು ಸಿಗರೇಟು ಸೇದುತ್ತೀಯ’ ಅನ್ನುವಾಗ ಬರುವ ರೂಪ. ಟೋಪಿಯ ಕಥೆಯೂ ಮಜವಾಗಿದೆ. ‘ನೀವು’ ರೂಪದಲ್ಲಿ ಹಿಂದೆ ಒಂದು ಸಕಾರ ಇತ್ತು, ಅದು ಬಿದ್ದುಹೋದ ಗುರುತಿಗೆ ಟೋಪಿ ಬಂತು. ‘ನಾವು’ ರೂಪದಲ್ಲಿ ಬೀಳೋಕೆ ಸಕಾರವೇ ಇರಲಿಲ್ಲ, ಪಕ್ಕದವರು ಹಾಕಿಕೊಂಡರು ಅಂತ ಇದೂ ಹಾಕಿಕೊಂಡಿತು. 1990ರ ಕಾಗುಣಿತ ಸುಧಾರಣೆಯಲ್ಲಿ ಎಷ್ಟೋ ಪದಗಳ ಟೋಪಿ ಇಳಿಸಿದರು, ಪಾಸೇ ಸ್ಯಾಂಪ್ಲ್‌ನ ಟೋಪಿಯನ್ನು ಮುಟ್ಟಲಿಲ್ಲ. ಅವನು, ಅವಳು, ಅವರು ಅನ್ನುವ ಪ್ರಥಮ ಪುರುಷದ ರೂಪಗಳಲ್ಲಿ ಟೋಪಿ ಇಲ್ಲವೇ ಇಲ್ಲ ಅನ್ನಬಹುದು. ಅಂದರೆ ಕಾದಂಬರಿಯಲ್ಲಿ ನೂರಕ್ಕೆ ತೊಂಬತ್ತು ಸಲ ನಾನು ನೋಡುವ ರೂಪಕ್ಕೆ ಟೋಪಿಯೇ ಬೇಡ. ನಾನು ಮೂರು ವಾರ ಕಲಿತಿದ್ದು ಟೋಪಿ ಹಾಕೋದು.

ಮೂರು ವಾರ ಆದ ಮೇಲೆ ಆ್ಯಪ್‌ನಲ್ಲಿ ನನ್ನ ಅಂಕ 94. ಕಾದಂಬರಿ ತೆರೆದರೆ ಮತ್ತೆ ಮುಗ್ಗರಿಸಿದೆ. ಅವತ್ತು ವಿಷಯ ತಲೆಗೆ ಹೊಳೆಯಿತು. ಆ್ಯಪ್ ನನ್ನನ್ನು ಮೂಲ ಪದದಿಂದ ರೂಪಕ್ಕೆ ನಡೆಸುತ್ತಿತ್ತು. ಓದುವವರಿಗೆ ಬೇಕಿರೋದು ಉಲ್ಟಾ ದಾರಿ. ‘ನಾಕಿ’ ಕಂಡರೆ ‘ನೆತ್ರ್’, ಅಂದರೆ ಹುಟ್ಟು, ನೆನಪಾಗಬೇಕು. ‘ವೇಕ್ಯು’ ಕಂಡರೆ ‘ವಿವ್ರ್’, ಬದುಕು. ಕನ್ನಡ ಕಲಿಯುತ್ತಿರುವವರ ಗತಿ ಯೋಚಿಸಿ. ‘ಸತ್ತ’ ಅಂತ ಓದಿ ನಿಘಂಟಿನಲ್ಲಿ ‘ಸ’ ಪುಟ ಹುಡುಕಿದರೆ ಸಿಗುತ್ತಾ? ಅದು ‘ಸಾಯು’ ಕೆಳಗೆ ಕೂತಿರುತ್ತೆ. ‘ಕದ್ದ’ ‘ಕದಿ’ಯಲ್ಲಿ, ‘ನಿಂತ’ ‘ನಿಲ್ಲು’ವಿನಲ್ಲಿ.

ಎರಡನೇ ಸ್ಪರ್ಧಿ ಬೆಶರೆಲ್. ಚರ್ಚ್ ಸ್ಟ್ರೀಟಿನಲ್ಲಿ ಹಳೇ ಪುಸ್ತಕ 180 ರೂಪಾಯಿಗೆ ಸಿಕ್ಕಿತು. ಬೆಶರೆಲ್ ಸಹೋದರರು ಕ್ರಿಯಾಪದಗಳ ಕೈಪಿಡಿ ತಂದದ್ದು 1842ರಲ್ಲಿ. ಈಗ ಫ್ರಾನ್ಸಿನಲ್ಲಿ ಯಾವ ಕ್ರಿಯಾಪದದ ಪುಸ್ತಕವಾದರೂ ಜನರ ಬಾಯಲ್ಲಿ ಬೆಶರೆಲ್ಲೇ. ಪುಟಕ್ಕೊಂದು ಮಾದರಿ ಕ್ರಿಯಾಪದ, ಅದರ ಎಲ್ಲ ಕಾಲದ ಎಲ್ಲ ರೂಪ, ಹಿಂದೆ ಉದ್ದನೆಯ ಪಟ್ಟಿ. ನಮ್ಮ ಮಗ್ಗಿ ಪುಸ್ತಕದ ಥರ. ನಾನು ಗಟ್ಟಿಯಾಗಿ “ಫ್ಯು, ಫ್ಯು, ಫ್ಯು, ಫ್ಯೂಮ್” ಅನ್ನುತ್ತಾ ಕೂತಿದ್ದಾಗ ಅಮ್ಮ ಅಡುಗೆಮನೆಯಿಂದ “ಏನೇ ಅದು, ಒಲೆ ಊದ್ತಿದ್ದೀಯಾ?” ಅಂದರು.

ಮಗ್ಗಿ ಇಷ್ಟವಾಯಿತು. ಅನುಮಾನ ಬಂದಾಗ ಕೊನೆ ಮಾತು ಅದರದೇ. ಎಲ್ಲಕ್ಕಿಂತ ಇಷ್ಟವಾದದ್ದು ‘ಟ್ರೆರ್’ ಪುಟ. ಟ್ರೆರ್ ಅಂದರೆ ಹಾಲು ಕರೆ. ಅದರ ಪಾಸೇ ಸ್ಯಾಂಪ್ಲ್ ಜಾಗ ಖಾಲಿ, ಆ ರೂಪವೇ ಭಾಷೆಯಲ್ಲಿ ಇಲ್ಲ. ಫ್ರೆಂಚ್ ಕಾದಂಬರಿಯಲ್ಲಿ ‘ಅವಳು ಹಸು ಕರೆದಳು’ ಅಂತ ಪಾಸೇ ಸ್ಯಾಂಪ್ಲ್‌ನಲ್ಲಿ ಬರೆಯೋಕೇ ಆಗಲ್ಲ. ನಮ್ಮಲ್ಲಿ ಉಲ್ಟಾ, ‘ಕರೆದಳು’ ಎರಡಿವೆ, ಹಾಲಿಗೊಂದು, ಊಟಕ್ಕೊಂದು.

ಆದರೆ ಪುಸ್ತಕದ ಕ್ರಮವೂ ಮೂಲ ಪದದ್ದೇ. ಮೂಲ ಪದ ಗೊತ್ತಿದ್ದವರಿಗೆ ಅದು ಚಿನ್ನ. ಮೂಲ ಯಾವುದು ಅಂತಲೇ ಗೊತ್ತಿಲ್ಲದ ನನಗೆ, ಬೀಗದ ಕೈ ಮನೆಯೊಳಗೇ ಇದ್ದ ಹಾಗೆ.

ನಡುವೆ ಒಂದು ವಿಡಿಯೋದಲ್ಲಿ ಕಂಡ ಅಡ್ಡದಾರಿ: ಪಾಸೇ ಕೊಂಪೋಜೇಯಲ್ಲಿ ಬರುವ ಭೂತಕೃದಂತವನ್ನೇ (ನಮ್ಮ ‘ನೋಡಿದ ಸಿನಿಮಾ’ದ ‘ನೋಡಿದ’ ಥರದ ರೂಪ) ಹಿಡಿದು ರೂಪ ಮಾಡಿಕೊಳ್ಳಿ. ಬೇಕು ಅನ್ನುವ ‘ವೂಲ್ಯು’ಗೆ ಸರಿ. ತಗೋ ಅನ್ನುವ ‘ಪ್ರಿ’ಗೂ ಸರಿ. ನೋಡು ಅನ್ನುವುದಕ್ಕೆ ‘ವ್ಯು’ ಇದೆ, ಹಾಗಾದರೆ ‘ಇಲ್ ವ್ಯು’ ಅಂತ ಬರೆದೆ. ತಪ್ಪು, ಅದು ‘ಇಲ್ ವಿ’. ಮಾಡು, ಬರು, ಬರೆ, ಮಾರು, ಹುಟ್ಟು, ಎಲ್ಲದಕ್ಕೂ ಕೈ ಕೊಡುತ್ತೆ. ದಿನಾ ಬೇಕಾದ ಪದಗಳಲ್ಲೇ ಕೈ ಕೊಡುವ ಉಪಾಯ ಯಾಕೆ ಬೇಕು?

ಇನ್ನು ನೋಟ್‌ಬುಕ್. ಮನೆ ಹತ್ತಿರದ ಸ್ಟೇಷನರಿ ಅಂಗಡಿಯದು, ಗೆರೆ ಹಾಕಿದ್ದು, 40 ರೂಪಾಯಿ. ಪ್ರತಿ ಪುಟದಲ್ಲಿ ನಡುವೆ ಒಂದು ಗೆರೆ. ಎಡಗಡೆ ಕಾದಂಬರಿಯಲ್ಲಿ ಕಂಡ ರೂಪ, ಬಲಗಡೆ ಮೂಲ ಪದ, ಕನ್ನಡ ಅರ್ಥ. ಪ್ರಥಮ ಪುರುಷ ಮಾತ್ರ. ಫ್ರಾನ್ಸಿನ ಪ್ರಾಥಮಿಕ ಶಾಲೆಗಳ 2015ರ ಪಠ್ಯಕ್ರಮವೇ ಈ ಕಾಲಕ್ಕೆ ಪ್ರಥಮ ಪುರುಷವನ್ನಷ್ಟೇ ಕೇಳಿತ್ತು ಅಂತ ಓದಿದ ಮೇಲೆ ಮನಸ್ಸಿಗೆ ಸಮಾಧಾನವೂ ಆಯಿತು. ಪುಟಗಳು ಕೊನೆಯ ಸದ್ದಿನ ಪ್ರಕಾರ. ‘ಪಾರ್ಲಾ, ಪಾರ್ಲೇರ್’ ಥರದವು ಒಂದು ಕಡೆ. ಇವನ್ನು ನಾನು ಬರೆಯೋದೇ ಇಲ್ಲ, ನೋಡಿದರೆ ಗೊತ್ತಾಗುತ್ತೆ. ‘ಇ, ಇರ್’ ಒಂದು ಕಡೆ, ‘ಯು, ಯುರ್’ ಒಂದು ಕಡೆ. ‘ವ್ಯಾಂ, ವ್ಯಾಂರ್’ ಗುಂಪಿಗೆ ಅರ್ಧ ಪುಟ ಸಾಕು, ಅಲ್ಲಿರೋದು ‘ಬರು’, ‘ಹಿಡಿ’ ಮತ್ತು ಅವುಗಳ ಸಂಸಾರ.

ಅವಳಿಗಳಿಗೆ ಕೆಂಪು ಶಾಯಿ. ‘ಪ್ಲ್ಯು’ ಅಂದರೆ ಮಳೆ ಬಂತು, ಇಷ್ಟವಾಯಿತು ಅನ್ನೋದೂ ಅದೇ. ‘ವಿ’ ಅಂದರೆ ನೋಡಿದ, ಇಲ್ಲವೇ ಬದುಕುತ್ತಾನೆ. ‘ದಿ’ ಅಂದರೆ ಹೇಳುತ್ತಾನೆ, ಹೇಳಿದ. ಇವಕ್ಕೆ ಆ ವಾಕ್ಯವನ್ನೂ ಪೂರ್ತಿ ಬರೆದುಕೊಳ್ಳುತ್ತೇನೆ. ಮುದುಕನ ‘ತ್ಯು’ಗೆ ಒಂದು ಇಡೀ ಪುಟ ಕೊಟ್ಟಿದ್ದೇನೆ.

ಮೊದಲ ಕಾದಂಬರಿ ಮುಗಿಯುವಾಗ 71 ರೂಪ ಇದ್ದವು. ಎರಡನೆಯದರಲ್ಲಿ ಹೊಸದಾಗಿ ಸೇರಿದ್ದು 19. ಮೂರನೆಯದು ‘ನಾನು’ ಹೇಳುವ ಕಥೆ, ಅಲ್ಲಿ ‘ನಾವು’ ರೂಪ ಟೋಪಿ ಸಮೇತ ಬಂತು. ನೋಡಿದ ಕೂಡಲೇ ಗುರುತು ಸಿಕ್ಕಿತು, ಟೈಪ್ ಮಾಡೋದಿಲ್ಲವಲ್ಲ. ಕೊರತೆ ಏನೆಂದರೆ ಕೈ ಬರಹ ನಿಧಾನ, ನೋಟ್‌ಬುಕ್ ಮನೆಯಲ್ಲಿ ಮರೆತರೆ ಕಥೆ ಮುಗೀತು.

ನೀವು ಫ್ರೆಂಚಿನಲ್ಲಿ ಕಥೆ ಬರೆಯೋರಾದರೆ, ವ್ಯಾಕರಣದ ಪರೀಕ್ಷೆ ಇದ್ದರೆ, ಬೆಶರೆಲ್ ತಗೊಳ್ಳಿ, ಹಳೇದೇ ಸಾಕು. ನನ್ನ ಥರ ಮೆಟ್ರೋದಲ್ಲಿ ಕೂತು ಓದುವ ಆಸೆ ಇದ್ದರೆ 40 ರೂಪಾಯಿ ಜಾಸ್ತಿ ಆಯ್ತು, 20 ರೂಪಾಯಿಯದೂ ನಡೆಯುತ್ತೆ. ಬೆಶರೆಲ್ ನನ್ನ ಮೇಜಿನ ಮೇಲಿದೆ, ವಾರಕ್ಕೊಮ್ಮೆ ನೋಟ್‌ಬುಕ್ಕಿನ ತಪ್ಪು ತಿದ್ದೋಕೆ.

ಆ್ಯಪ್ ದುಡ್ಡು ವಾಪಸ್ ಕೇಳಿದೆ, ಏಳು ದಿನ ದಾಟಿದೆ ಅಂದರು. ಚಂದಾ ಇನ್ನೂ ನಾಲ್ಕು ತಿಂಗಳಿದೆ. ಈಗ ಅದರಲ್ಲಿ ತಂಗಿ ಮಗ ಹಣ್ಣು, ತರಕಾರಿ ಹೆಸರು ಕಲಿಯುತ್ತಿದ್ದಾನೆ. ಮೊನ್ನೆ ಫೋನ್ ತಂದು ತೋರಿಸಿ, “ದೊಡ್ಡಮ್ಮಾ, ಇದು ಯಾಕೆ ಬರೀ ಟೋಪಿ ಕೇಳುತ್ತೆ?” ಅಂದ.