ತೋಟ ಇದೆ, ಆಳಿಲ್ಲ: ಮ್ಯಾಜಿಕ್ ಎಲೆಯಾಟದ ಜೊತೆ ಎರಡು ಮಳೆಗಾಲ

ಕೈಯಲ್ಲಿ ಏಳು ಎಲೆ. ಹಾರುವ ದೇವತೆ ಒಂದು, ಡ್ರ್ಯಾಗನ್ ಎರಡು, ಮಂತ್ರ ಮೂರು. ಭೂಮಿ ಮಾತ್ರ ಒಂದೇ. ಎದುರಿಗೆ ಕೂತ ಅಕ್ಕನ ಮಗ ನಾಲ್ಕನೇ ಸರದಿಗೆ ನಾಲ್ಕು ಭೂಮಿ ಇಳಿಸಿ ಕರಡಿ, ತೋಳಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದಾನೆ. ನಾನು ಮೂರು ಸಲ "ಪಾಸ್" ಅಂದಾಗಿದೆ. ಮ್ಯಾಜಿಕ್: ದ ಗ್ಯಾದರಿಂಗ್ ಆಡಲು ಶುರು ಮಾಡಿ ಎರಡು ಮಳೆಗಾಲ ಕಳೆಯಿತು. ಮೊದಲ ಮಳೆಗಾಲ ಅಂದರೆ ನನಗೆ ಕಣ್ಣಿಗೆ ಕಟ್ಟುವುದು ಇದೇ ಚಿತ್ರ.

ನಿಯಮಗಳನ್ನೆಲ್ಲ ಹೇಳುತ್ತ ಕೂರುವುದಿಲ್ಲ, ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ನನ್ನ ತಕರಾರು ತಿಳಿಯುವಷ್ಟು ಹೇಳುತ್ತೇನೆ. 60 ಎಲೆಯ ಕಟ್ಟು, ಇಬ್ಬರಿಗೂ 20 ಪ್ರಾಣ. ಎಲೆ ಇಳಿಸಲು ಮನಾ ಎಂಬ ಶಕ್ತಿ ಬೇಕು, ಮನಾ ಹುಟ್ಟುವುದು ಭೂಮಿಯ ಎಲೆಯಿಂದ. ಬಯಲು, ದ್ವೀಪ, ಜೌಗು, ಗುಡ್ಡ, ಕಾಡು ಅಂತ ಐದು ಬಣ್ಣಕ್ಕೆ ಐದು ಬಗೆ. ಸರದಿಗೆ ಒಂದೇ ಭೂಮಿ ಇಳಿಸಬಹುದು. ಆ ಭೂಮಿಯೂ ಉಳಿದ ಎಲೆಗಳ ನಡುವೆಯೇ ಕಲೆಸಿಹೋಗಿರುತ್ತದೆ. ಬಂದರೆ ಬಂತು, ಇಲ್ಲದಿದ್ದರೆ ಕೈಯಲ್ಲಿ ಡ್ರ್ಯಾಗನ್ ಹಿಡಿದುಕೊಂಡೇ ಸಾಯಬೇಕು. ಭೂಮಿ ಬಾರದ ಸ್ಥಿತಿಗೆ ನಮ್ಮ ಹುಡುಗ ಇಟ್ಟ ಹೆಸರು "ಜಮೀನಿಲ್ಲದ ಜಮೀನ್ದಾರ". ಬರೀ ಭೂಮಿಯೇ ಬಂದು ಮಾಡಲು ಏನೂ ಇಲ್ಲದಿದ್ದರೆ "ತೋಟ ಇದೆ, ಆಳಿಲ್ಲ". ಮಲೆನಾಡಿನ ನಮ್ಮ ಸಾಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಕಲಿತದ್ದು ಮೊಬೈಲಿನಲ್ಲಿ. ಇದೇ ಆಟದ ಅರೀನಾ ಎಂಬ ಆ್ಯಪ್ ಪುಕ್ಕಟೆ. ಸ್ಪಾರ್ಕಿ ಎಂಬ ಮಿಣುಕುಹುಳದಂಥದ್ದೊಂದು ಎದುರಾಳಿಯಾಗಿ ಬಂದು ಕೈಹಿಡಿದು ಕಲಿಸುತ್ತದೆ. ಹದಿನೈದು ದಿನದಲ್ಲಿ ನಾನು ಗೆಲ್ಲತೊಡಗಿದೆ, ಆಟ ಬಂತು ಅಂದುಕೊಂಡೆ. ಬಂದಿರಲಿಲ್ಲ. ಈಗ ಇಳಿಸಬಹುದಾದ ಎಲೆಯನ್ನು ಆ್ಯಪ್ ತಾನೇ ಹೊಳೆಸಿ ತೋರಿಸುತ್ತದೆ, ಭೂಮಿಯನ್ನೂ ತಾನೇ ಅಡ್ಡ ತಿರುಗಿಸಿ ಮನಾ ತೆಗೆದುಕೊಳ್ಳುತ್ತದೆ. ನಾನು ಹೊಳೆದದ್ದನ್ನು ಒತ್ತುತ್ತಿದ್ದೆ, ಅಷ್ಟೇ. ಆಮೇಲೆ ಎರಡು ಕಟ್ಟಿರುವ ಸ್ಟಾರ್ಟರ್ ಕಿಟ್ ತರಿಸಿ ನೆಲದ ಮೇಲೆ ಚಾಪೆ ಹಾಸಿ ಕೂತ ಮೊದಲ ರಾತ್ರಿ, ಕರಡಿಯಿಂದ ಅವನ ತೋಳಕ್ಕೆ ಹೊಡೆಸಲು ಹೋದೆ. "ಮಾವ, ತೋಳಕ್ಕಲ್ಲ, ನನಗೆ ಹೊಡೀಬೇಕು. ತೋಳ ಅಡ್ಡ ಬರಬೇಕೋ ಬೇಡ್ವೋ ನಾನು ಹೇಳ್ತೀನಿ" ಅಂದ. ಎರಡು ತಿಂಗಳು ಆಡಿದ ಮೇಲೂ ಇಷ್ಟು ಗೊತ್ತಿರಲಿಲ್ಲ.

ಸ್ಟ್ಯಾಕ್, ಅಂದರೆ ಹಾಕಿದ ಮಂತ್ರಗಳು ಫಲಿಸುವ ಮೊದಲು ಒಂದರ ಮೇಲೊಂದು ಕೂರುವ ಅಟ್ಟಿ, ಅರ್ಥವಾದದ್ದೂ ಆ ಚಾಪೆಯ ಮೇಲೆಯೇ. ನನ್ನದು ಎರಡು ಬಲ, ಎರಡು ತಾಳಿಕೆಯ ಕರಡಿ. ಅದಕ್ಕೆ ಜೈಂಟ್ ಗ್ರೋತ್ ಹಾಕಿದೆ, ಎರಡಕ್ಕೂ ಮೂರು ಮೂರು ಸೇರಿ ಐದಾಗಬೇಕು. ಅದು ಫಲಿಸುವ ಮೊದಲೇ ಅವನು ಶಾಕ್ ಬಿಟ್ಟ, ಎರಡು ಪೆಟ್ಟಿನ ಮಂತ್ರ. "ಮೊದಲು ಹಾಕಿದ್ದು ನಾನು!" ಅಂತ ಕೂಗಾಡಿದೆ. "ಅಜ್ಜಿ ಹೊಯ್ದ ದೋಸೆ ಅಟ್ಟೀಲಿ ಮೊದಲು ತಿನ್ನೋದು ಯಾವುದು ಮಾವ? ಮೇಲಿಂದಲ್ವಾ?" ಅಂದ. ಶಾಕ್ ಮೇಲಿತ್ತು, ಕರಡಿ ಸತ್ತಿತು. ನನ್ನ ಮಂತ್ರಕ್ಕೆ ತಾಗಲು ಏನೂ ಉಳಿಯದೆ ದಂಡವಾಯಿತು. ಮರುದಿನ ಅವನು ಮೊದಲು ಶಾಕ್ ಬಿಡುವವರೆಗೆ ಕಾದು, ಆಮೇಲೆ ಜೈಂಟ್ ಗ್ರೋತ್ ಹಾಕಿದೆ. ಅದೇ ಎರಡು ಎಲೆ, ಸರದಿಯಷ್ಟೇ ತಿರುಗುಮುರುಗು, ಕರಡಿ ಬದುಕಿತು. ಆ ರಾತ್ರಿ ನಿದ್ದೆ ಬರಲು ಹೊತ್ತಾಯಿತು, ಸುಳ್ಳಲ್ಲ.

ಇಷ್ಟೆಲ್ಲ ಸುಖದ ನಡುವೆ ಭೂಮಿಯ ಕಾಟ ಮಾತ್ರ ಹೆಚ್ಚುತ್ತಲೇ ಹೋಯಿತು. ಮೊಬೈಲಿನಲ್ಲಿ ಇಷ್ಟು ಕಾಡಿರಲಿಲ್ಲ, ಕಾಗದದಲ್ಲೇ ಯಾಕೆ? ಕಲೆಸುವುದು ಸರಿಯಿಲ್ಲ ಅಂತ ಹುಡುಗನ ಮೇಲೆ ಅನುಮಾನಪಟ್ಟೆ, ಅವನು ನನ್ನ ಮೇಲೆ ಪಟ್ಟ. ಕೊನೆಗೆ ಗೊತ್ತಾಯಿತು, ಅರೀನಾದ ಒಂದೇ ಆಟದ ಪಂದ್ಯದಲ್ಲಿ ಆ್ಯಪ್ ಒಳಗೊಳಗೇ ಒಂದಕ್ಕಿಂತ ಹೆಚ್ಚು ಕೈ (ಶುರುವಿನ ಏಳು ಎಲೆ) ಎಳೆದು, ಕಟ್ಟಿನಲ್ಲಿರುವ ಭೂಮಿಯ ಪ್ರಮಾಣಕ್ಕೆ ಹತ್ತಿರವಿರುವ ಕೈ ಸಿಗುವಂತೆ ನೋಡಿಕೊಳ್ಳುತ್ತದಂತೆ. ಮೂರರಲ್ಲಿ ಎರಡು ಗೆಲ್ಲುವ ಪಂದ್ಯದಲ್ಲಿ ಈ ಉಪಕಾರ ಇಲ್ಲ, ಚಾಪೆಯ ಮೇಲೆ ಅಂತೂ ಇಲ್ಲವೇ ಇಲ್ಲ. ಕಲಿಯುವವರಿಗೆ ಇದನ್ನು ಮೊದಲೇ ಹೇಳಬೇಡವೇ? ಈಜು ಕಲಿಸುವಾಗ ಹೊಟ್ಟೆಗೆ ಒಣಗಿದ ಸೋರೆಬುರುಡೆ ಕಟ್ಟಿದ್ದನ್ನು ಮುಚ್ಚಿಟ್ಟ ಹಾಗಾಯಿತು. ಆ ವಾರ ಬೇಸರದಲ್ಲಿ ಎಲೆಗಳನ್ನೆಲ್ಲ ಡಬ್ಬಿಗೆ ತುಂಬಿ ಅಟ್ಟದ ಮೇಲಿಟ್ಟೆ.

ಕೆಳಗಿಳಿಸಿದ್ದು ನನ್ನ ಕಸುಬು. ಸೊಸೈಟಿಯಲ್ಲಿ ಲೆಕ್ಕ ಬರೆಯುವವನು ನಾನು. ಆಟ ಕಟ್ಟಿದ ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು. 1993ರಿಂದ ಜನ ಆಡುತ್ತಿದ್ದಾರೆ ಅಂದಮೇಲೆ ಇದರಲ್ಲಿ ಏನೋ ಇರಬೇಕಲ್ಲ ಅಂತ ಒಂದು ಭಾನುವಾರ ಪೆನ್ನು ಹಿಡಿದೆ. 60ರಲ್ಲಿ 24 ಭೂಮಿ ಇಟ್ಟರೆ, ಮೊದಲ ಏಳರಲ್ಲಿ ಒಂದೂ ಬಾರದ ಅಥವಾ ಒಂದೇ ಬರುವ ಸಾಧ್ಯತೆ 100ಕ್ಕೆ 14. ಏಳು ಆಟಕ್ಕೊಂದು. ಅಯ್ಯೋ, ಇಷ್ಟೇನಾ? ಅಂಥ ಕೈಯನ್ನು ವಾಪಸ್ ಹಾಕಿ ಬೇರೆ ಏಳು ಎಳೆದು, ಒಂದನ್ನು ಕಟ್ಟಿನ ಅಡಿಗೆ ಸೇರಿಸುವ ಮಲಿಗನ್ ಎಂಬ ದಾರಿಯೂ ಇದೆ.

ಹಾಗಾದರೆ ಉಳಿದ ಸೋಲುಗಳೆಲ್ಲ ಎಲ್ಲಿಂದ ಬಂದವು? ಎರಡು ಭೂಮಿಯ ಕೈಯಿಂದ. ನೋಡಲು ಚೆನ್ನಾಗಿರುತ್ತದೆ, ದೇವತೆಯೂ ಇರುತ್ತಾಳೆ, "ಮೂರನೆಯದು ಬಂದೇ ಬರುತ್ತೆ" ಅಂತ ಇಟ್ಟುಕೊಳ್ಳುತ್ತಿದ್ದೆ. ಮೊದಲು ಆಡುವವನಿಗೆ ಮೊದಲ ಸರದಿಯಲ್ಲಿ ಎಲೆ ಎಳೆಯುವಂತಿಲ್ಲ. ಹಾಗಾಗಿ ಮೂರನೇ ಸರದಿಗೆ ಬರುವಷ್ಟರಲ್ಲಿ ಕೈಸೇರುವುದು ಎರಡೇ ಹೊಸ ಎಲೆ. ಲೆಕ್ಕ ಹಾಕಿದರೆ ಮೂರರಲ್ಲಿ ಒಂದು ಸಲ ಆ ಮೂರನೇ ಭೂಮಿ ಬರುವುದೇ ಇಲ್ಲ. ಕಲೆಸಿದವನದ್ದೂ ಅಲ್ಲ, ಆಟದ್ದೂ ಅಲ್ಲ, ತಪ್ಪು ನನ್ನ ಆಸೆಯದ್ದು. ಅಮ್ಮನಿಗೆ ಹೇಳಿದರೆ "ಇಸ್ಪೀಟಲ್ಲಿ ಆಸೆ ಕೆಟ್ಟದ್ದು ಅಂತ ತಿಳಿಯೋಕೆ ಇಷ್ಟು ಲೆಕ್ಕ ಬೇಕಾಯ್ತಾ?" ಅಂದರು. ಕೈಯಲ್ಲಿ ಬೀಸಣಿಗೆಯ ಹಾಗೆ ಹಿಡಿದದ್ದೆಲ್ಲ ಅವರಿಗೆ ಇಸ್ಪೀಟೇ.

ಈಗ ಆಟ ಮುಗಿದ ಕೂಡಲೇ ಒಂದೆಡೆ ಗುಂಪಾಗಿ ಬಿದ್ದ ಭೂಮಿಗಳನ್ನು ಹಾಗೇ ಎತ್ತಿ ಸೇರಿಸುವುದಿಲ್ಲ. ಕಟ್ಟನ್ನು ಅರ್ಧ ಮಾಡಿ, ಒಂದರ ಅಂಚನ್ನು ಇನ್ನೊಂದಕ್ಕೆ ಒತ್ತಿ ಕಲೆಸುತ್ತೇನೆ, ಎಂಟು ಹತ್ತು ಸಲ. ಪ್ಲಾಸ್ಟಿಕ್ ಸ್ಲೀವ್ ಹಾಕಿದ ಎಲೆಗಳು ಒಂದರೊಳಗೊಂದು ಸರಿಯುವ ಸರ್ ಸರ್ ಸದ್ದು, ಹೊರಗೆ ಸೂರಿನ ನೀರಿನ ಸದ್ದು. ದಿನದಲ್ಲಿ ನನಗೆ ತುಂಬ ಇಷ್ಟದ ಎರಡು ನಿಮಿಷ ಅದು. ಪ್ರಾಣದ ಲೆಕ್ಕಕ್ಕೆ ಹಳೆಯ ಡೈರಿ. ಪ್ರಾಣಿಗಳ ಬಲ ಹೆಚ್ಚಿದ್ದಕ್ಕೆ ಗುರುತಾಗಿ ಅಳಗುಳಿಮಣೆಯ ಹುಣಸೆಬೀಜ.

ಖರ್ಚಿನ ಮಾತು. ಬೂಸ್ಟರ್ ಪ್ಯಾಕ್ ಕೊಳ್ಳುವುದಿಲ್ಲ ಅಂತ ಶುರುವಿನಲ್ಲೇ ತೀರ್ಮಾನಿಸಿದ್ದೆ, ಒಳಗೆ ಏನಿದೆಯೋ ಗೊತ್ತಿಲ್ಲದ ಪೊಟ್ಟಣ ಲಾಟರಿ ಟಿಕೇಟೇ. ಬೇಕಾದ ಎಲೆಯನ್ನಷ್ಟೇ ಬಿಡಿಯಾಗಿ ತರಿಸುತ್ತೇನೆ, ತಿಂಗಳಿಗೆ ಮುನ್ನೂರು ರೂಪಾಯಿ ದಾಟುವಂತಿಲ್ಲ. ಒಂದು ಆನ್‌ಲೈನ್ ಅಂಗಡಿಯವರು ಮೂಲೆ ಮಡಚಿದ ಎಲೆ ಕಳಿಸಿ, ಫೋಟೋ ಹಾಕಿದರೂ ಉತ್ತರ ಕೊಡಲಿಲ್ಲ. ಮಲೆನಾಡಿನವರಿಗೆ ಇನ್ನೊಂದು ಮಾತು: ಮಿರಿಮಿರಿ ಫಾಯಿಲ್ ಎಲೆ ಬೇಡ. ಆಷಾಢ ಬರುವುದರೊಳಗೆ ಹಪ್ಪಳದ ಹಾಗೆ ಬಾಗುತ್ತದೆ. ನನ್ನ ಏಕೈಕ ಫಾಯಿಲ್ ಡ್ರ್ಯಾಗನ್ ಈಗ ದಪ್ಪ ಲೆಡ್ಜರಿನ ಅಡಿಯಲ್ಲಿ ಮಲಗಿದೆ.

ಮೊನ್ನೆ ರಾತ್ರಿ ನನಗೆ ಬಂದ ಕೈಯಲ್ಲಿ ಎರಡು ಭೂಮಿ, ಒಬ್ಬಳು ದೇವತೆ. ಆಟ ಶುರು ಮಾಡಬೇಕಾದವನೂ ನಾನೇ. ಸ್ವಲ್ಪ ಹೊತ್ತು ನೋಡಿ ವಾಪಸ್ ಹಾಕಿದೆ. ಹುಡುಗ ತನ್ನ ಕೈ ನೋಡಿ ಮೀಸೆಯಲ್ಲೇ ನಕ್ಕು "ಇಟ್ಕೋತೀನಿ" ಅಂದ. ನಾಲ್ಕನೇ ಸರದಿಗೆ ಅವನು "ಪಾಸ್" ಅನ್ನುವ ಹೊತ್ತಿಗೆ ಅಮ್ಮ ಬಾಗಿಲಲ್ಲಿ ಬಂದು ನಿಂತರು, ಎಪ್ಪತ್ತರಲ್ಲಿ ಐದು ಬೀಜ ಕಮ್ಮಿ ಇದೆ ಅಂತ. ಐದೂ ನನ್ನ ಕರಡಿಯ ಮೇಲಿದ್ದವು. "ಈ ಸರದಿ ಒಂದು ಮುಗೀಲಿ ಅಮ್ಮ" ಅಂದೆ.